ಹನ್ನೆರಡನೆಯ ಬಾಲ

ರೈನೊ ಕಂಗಾಸ್ ಕೆಟ್ಟ ಬೇಟೆಗಾರ ಎಂದು ಕೊಸ್ಕಿಲಾ ಊರಿನವರು ಹೇಳುವುದುಂಟು. ಅದು ಶುದ್ಧ ತಪ್ಪು. ಜಿಂಕೆಗಳನ್ನು ಕೇಳಿದರೆ, ಸುಪೀರಿಯರ್ ಸರೋವರದ ಈ ದಡದಲ್ಲಿ ಅವನಷ್ಟು ಒಳ್ಳೆಯ ಬೇಟೆಗಾರ ಇನ್ನೊಬ್ಬನಿಲ್ಲ ಎಂದೇ ಹೇಳುತ್ತವೆ.

ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಸರ್ಕಾರಿ ಲಾರಿ ಓಡಿಸುವುದು, ಬೇಸಿಗೆಯಲ್ಲಿ ಅದೇ ರಸ್ತೆಯ ಗುಂಡಿ ಮುಚ್ಚುವುದು, ಇದು ಅವನ ಕೆಲಸ. ನವೆಂಬರ್ ಹದಿನೈದರ ಬೆಳಗ್ಗೆ ಮಾತ್ರ ಅವನು ಯಾರ ನೌಕರನೂ ಅಲ್ಲ. ಅದು ರೈಫಲ್ ಬೇಟೆ ಶುರುವಾಗುವ ದಿನ. ಶಾಲೆಗೆ ರಜೆ, ಬ್ಯಾಂಕಿನಲ್ಲಿ ಕಾಣುವುದು ಒಬ್ಬ ಹುಡುಗಿ ಮಾತ್ರ. ಸತ್ತವರನ್ನೂ ಹದಿನಾರರವರೆಗೆ ಕಾಯಿಸುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಆ ಬೆಳಗ್ಗೆ ರೈನೊ ಮಾವನ ಕಾಡಿನ ಕ್ಯಾಂಪಿನ ಹಿಂದಿನ ದಿಬ್ಬದ ಮೇಲೆ ಮಾವನ ಪಕ್ಕದಲ್ಲೇ ಕೂತಿದ್ದಾನೆ.

ಆ ಕ್ಯಾಂಪಿಗೆ, ಎಂದರೆ ಆ ಬೇಟೆಮನೆಗೆ, ಒಂದು ಕಾನೂನಿದೆ. ಜಿಂಕೆಗೆ ಗುಂಡು ಹಾರಿಸಿ ತಪ್ಪಿದವನ ಅಂಗಿಯ ಬಾಲವನ್ನು, ಎಂದರೆ ಹಿಂದೆ ಸೊಂಟದ ಕೆಳಗೆ ಇಳಿಬೀಳುವ ಬಟ್ಟೆಯನ್ನು, ಅಲ್ಲೇ, ಅಂಗಿ ಅವನ ಮೈಮೇಲಿದ್ದಂತೆಯೇ ಕತ್ತರಿಸಬೇಕು. ಅದರ ಮೇಲೆ ಹೆಸರು, ಇಸವಿ ಬರೆದು ಒಲೆಯ ಹಿಂದಿನ ಗೋಡೆಗೆ ಮೊಳೆ ಹೊಡೆಯಬೇಕು. ಕತ್ತರಿಸುವ ಅಧಿಕಾರ ಮಾವ ಆರ್ವಿಡ್ ಸಲ್ಮೇಲಾನದು. ಎಪ್ಪತ್ತೆಂಟು ವರ್ಷದ ಆ ಮುದುಕನ ಹೆಸರಿನ ಒಂದು ಬಾಲವೂ ಗೋಡೆಯ ಮೇಲಿಲ್ಲ. ಒಟ್ಟು ಹದಿನಾಲ್ಕು ಬಾಲಗಳಿವೆ. ಮೂರು ಸತ್ತುಹೋದವರವು, ಅವರು ಬಂದು ತಕರಾರು ಮಾಡುವಂತಿಲ್ಲ. ಉಳಿದ ಹನ್ನೊಂದೂ ರೈನೊನವು.

ಬಾಲಗಳ ಮೇಲೆ, ಹತ್ತು ಕವಲಿನ ಕೊಂಬಿನ ಒಂದು ದೊಡ್ಡ ತಲೆ ಗಂಭೀರವಾಗಿ ಬಂದವರನ್ನೆಲ್ಲ ನೋಡುತ್ತ ನೇತಾಡುತ್ತದೆ. ಐದು ವರ್ಷದ ಹಿಂದಿನದು. ಮಾವ, ಅಳಿಯ ಇಬ್ಬರೂ ಒಂದೇ ಜಿಂಕೆಗೆ ಗುರಿಯಿಟ್ಟರು, ಢಂ ಎಂದಿತು, ಜಿಂಕೆ ಬಿತ್ತು. ಮೈಮೇಲೆ ಒಂದೇ ತೂತು. ಯಾರ ಗುಂಡು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಜಿಂಕೆ ಬಿದ್ದರೆ ಗುಂಡು ಆರ್ವಿಡ್‌ನದು, ಓಡಿದರೆ ರೈನೊನದು, ಇದರಲ್ಲಿ ಯೋಚಿಸುವುದೇನಿದೆ. ಅಂದೂ ರೈನೊನ ಬಾಲ ಹೋಯಿತು. ಅದು ಒಂಬತ್ತನೆಯದು.

"ಅಂಗಡಿಯವನು ಬಾಲಕ್ಕೂ ಸೇರಿಸಿ ದುಡ್ಡು ತಗೋತಾನೆ ಕಣೋ," ಎಂದು ಹೆಂಡತಿ ಹೆಲ್ವಿ ಪ್ರತಿ ವರ್ಷ ಹೇಳುತ್ತಾಳೆ. "ನೀನು ಅರ್ಧ ಅಂಗಿ ಕೇಳಿ ತಗೊಂಡು ಬಾ."

ಸೆಪ್ಟೆಂಬರಿನ ಮೊದಲ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ, ಏಲಕ್ಕಿ ಬ್ರೆಡ್ಡು ಹಿಡಿದು ನಿಂತಿದ್ದಾಗ ಆರ್ವಿಡ್ ಕೆಮ್ಮಿ ಒಂದು ಘೋಷಣೆ ಮಾಡಿದ. ತನಗೆ ವಯಸ್ಸಾಯಿತು, ಈ ಸಲ ಹದಿನೈದನೇ ತಾರೀಕು ಕ್ಯಾಂಪಿನ ಬೀಗದ ಕೈಯನ್ನು ಇಬ್ಬರು ಅಳಿಯಂದಿರಲ್ಲಿ ಒಬ್ಬನಿಗೆ ಕೊಟ್ಟುಬಿಡುತ್ತೇನೆ ಎಂದ.

ಇನ್ನೊಬ್ಬ ಅಳಿಯ ಗಾರ್ಡನ್, ದಕ್ಷಿಣದ ಪಟ್ಟಣದಲ್ಲಿ ಹಲ್ಲಿನ ಡಾಕ್ಟರು. ನಾಲ್ಕು ವರ್ಷದಿಂದ ಕ್ಯಾಂಪಿಗೆ ಬರುತ್ತಿದ್ದಾನೆ. ಅವನ ರೈಫಲಿನ ಮೇಲಿನ ದುರ್ಬೀನಿನಲ್ಲಿ ಚಂದ್ರನ ಮೇಲಿನ ಕಲ್ಲು ಎಣಿಸಬಹುದು. ಅವನ ಅಂಗಿಗಳೆಲ್ಲ ಬಾಲಸಮೇತ ಇವೆ. ಅವನು ರೈನೊನ ಬೆನ್ನು ತಟ್ಟಿ, "ಷಡ್ಡಕ, ಈ ಸಲ ಬಾಲ ಇಲ್ಲದ ಅಂಗೀನೇ ಹಾಕ್ಕೊಂಡು ಬಾ. ಮಾವನಿಗೆ ಕತ್ತರಿ ಹಿಡಿಯೋ ಶ್ರಮ ತಪ್ಪುತ್ತೆ," ಎಂದ.

ನೆಲಮಾಳಿಗೆಯಲ್ಲಿದ್ದ ನಲವತ್ತು ಜನರೂ ನಕ್ಕರು. ಪಾದ್ರಿ ಹೈಕಿನೆನ್ ಕೂಡ ನಕ್ಕರು, ಆಮೇಲೆ ತಾವು ಪಾದ್ರಿ ಎಂಬುದು ನೆನಪಾಗಿ ನಿಲ್ಲಿಸಿದರು. ಆಗ ರೈನೊನ ಬಾಯಿಂದ, ಅವನ ಅನುಮತಿ ಕೇಳದೆ, ಈ ಮಾತು ಹೊರಬಿತ್ತು:

"ನಾನು ರೈಫಲ್ ಬಿಟ್ಟಿದ್ದೀನಿ. ರೈಫಲ್ ಬೇಟೆಯೂ ಒಂದು ಬೇಟೆಯೇ? ಮನೇಲಿ ಕೂತು ಫೋನಲ್ಲಿ ಸಾಮಾನು ತರಿಸಿಕೊಂಡ ಹಾಗೆ. ಗಂಡಸಾದವನು ಬಿಲ್ಲು ಹಿಡೀಬೇಕು."

ಆರ್ವಿಡ್ ಕಾಫಿ ಲೋಟ ಕೆಳಗಿಟ್ಟು, ಟೋಪಿ ಹಾಕಿಕೊಂಡು, ಮೆಟ್ಟಿಲು ಹತ್ತಿ ಹೊರಟೇಹೋದ.

ರೈನೊನ ಹತ್ತಿರ ಬಿಲ್ಲು ಇರಲಿಲ್ಲ. ಜೀವಮಾನದಲ್ಲಿ ಬಿಲ್ಲು ಮುಟ್ಟಿಯೂ ಇರಲಿಲ್ಲ. ಇದ್ದದ್ದು ಹನ್ನೆರಡನೆಯ ಬಾಲದ ಭಯ ಒಂದೇ. ಆದರೆ ನಮ್ಮ ಊರಿನಲ್ಲಿ ಭಯಕ್ಕೆ ಬೆಲೆಯಿಲ್ಲ, ಸಿದ್ಧಾಂತಕ್ಕೆ ಇದೆ. ಸಂಜೆಯೊಳಗೆ ರೈನೊ ಕಂಗಾಸ್ ಸಿದ್ಧಾಂತವಾದಿಯಾಗಿದ್ದ.

ಸೋಮವಾರ ಬೆಳಗ್ಗೆಯೇ ಕಬ್ಬಿಣದ ಅಂಗಡಿಯ ಪರ್ಲ್ ರೌಟಿಯೊ ಬಾಗಿಲು ಬಡಿದಳು. ಆಜಾನುಬಾಹು ಹೆಂಗಸು. ಕೈಯಲ್ಲಿ ಒಂದು ಬಿಲ್ಲು, ಬಗಲಲ್ಲಿ ಒಂದು ರಿಜಿಸ್ಟರು.

"ಇಲ್ಲಿ ಸಹಿ ಹಾಕು," ಅಂದಳು. "ನಮ್ಮ ಬಿಲ್ಲುಗಾರರ ಸಂಘದಲ್ಲಿ ನಾವು ನಾಲ್ಕೇ ಜನ. ಐದು ಜನ ಇದ್ರೆ ಮಾತ್ರ ಶಾಲೆಯ ಹಾಲ್ ಕೊಡ್ತೀವಿ ಅಂತ ಒಂಬತ್ತು ವರ್ಷದಿಂದ ಸತಾಯಿಸ್ತಿದ್ದಾರೆ. ನೀನು ನಿನ್ನೆ ಆಡಿದ ಮಾತು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು ಕಣಯ್ಯ."

"ಪರ್ಲ್, ನಾನು ಸುಮ್ನೆ..."

"ಗೊತ್ತು, ದೊಡ್ಡವರೆಲ್ಲ ಹಾಗೇ ಹೇಳೋದು. ಬಿಲ್ಲು ಎರವಲು ಕೊಡ್ತೀನಿ. ಎಳೆದು ತೋರಿಸು."

ರೈನೊ ಎಳೆದ. ಮುಖ ಮೊದಲು ಕೆಂಪಾಯಿತು, ಆಮೇಲೆ ನೀಲಿಯಾಯಿತು. ದಾರ ಮೂಗಿನವರೆಗೂ ಬರಲಿಲ್ಲ.

"ಪರವಾಗಿಲ್ಲ," ಎಂದಳು ಪರ್ಲ್. "ಇನ್ನೂ ನವೆಂಬರ್ ಬಂದಿಲ್ಲ."

ಅವಳು ಹೋದ ಮೇಲೆ ಆರ್ವಿಡ್ ಬಂದ. ಹೊಸ್ತಿಲು ದಾಟಲಿಲ್ಲ, ಟೋಪಿ ತೆಗೆಯಲಿಲ್ಲ, ಕಾಫಿ ಬೇಡ ಎಂದ. ಸಲ್ಮೇಲಾ ವಂಶದವರು ಕಾಫಿ ಬೇಡ ಎಂದರೆ ಅದನ್ನು ಯುದ್ಧ ಘೋಷಣೆ ಎಂದೇ ತಿಳಿಯಬೇಕು.

"ಫೋನಲ್ಲಿ ತರಿಸಿಕೊಂಡ ಸಾಮಾನು ಅಂದೆ. ಅರವತ್ತು ವರ್ಷದ ನನ್ನ ಬೇಟೇನ."

"ಮಾವ, ನಾನು ಗಾರ್ಡನ್‌ಗೆ ಹೇಳಿದ್ದು. ನಿಮ್ಮನ್ನಲ್ಲ."

"ನನ್ನ ಹತ್ತು ಕವಲಿನ ಜಿಂಕೇನ." ಈ ಮಾತು ಹೇಳುವಾಗ ಮುದುಕ ಅದೇಕೋ ಅಳಿಯನ ಮುಖ ಬಿಟ್ಟು ಬಾಗಿಲ ಚಿಲಕ ನೋಡಿದ. "ಇರ್ಲಿ. ಹದಿನೈದನೇ ತಾರೀಕು ಬೆಳಗ್ಗೆ ರೈಫಲ್ ಹಿಡ್ಕೊಂಡು ಕ್ಯಾಂಪಿಗೆ ಬಂದವನು ನನ್ನ ಅಳಿಯ. ಬೀಗದ ಕೈ ಅವನದು. ಬಿಲ್ಲು ಹಿಡಿಯೋ ಗಂಡಸರಿಗೆ ಬೇರೆ ಕಾಡಿದೆ."

ರೈನೊ ಇನ್ನೇನು ಹೋದರೂ ತಡೆದುಕೊಳ್ಳುತ್ತಿದ್ದ. ಆ ಕ್ಯಾಂಪು ಹೋಗುವುದನ್ನು ತಡೆಯಲಾರ. ಅಲ್ಲಿಯ ಸೌನಾ ಮನೆಯನ್ನು ಕಟ್ಟಿದ್ದು ಅವನೇ. ಬೆವರು ಸುರಿಸಲು ಕೂರುವ ಹಲಗೆ, ಕಲ್ಲು ಕಾಯಿಸುವ ಒಲೆ, ಎಲ್ಲ ಅವನ ಕೈಯವು. ಗಾರ್ಡನ್ ಆಗಲೇ ಕಾಗದದ ಮೇಲೆ ನಕ್ಷೆ ಬರೆದಿದ್ದ: ಜನರೇಟರ್, ಟೀವಿ, ಚರ್ಮದ ಕುರ್ಚಿಗಳು, ಸೌನಾ ಒಡೆದು ಅಲ್ಲಿ ಕಾರಿನ ಶೆಡ್ಡು.

"ಹಾಗಾದ್ರೆ ರೈಫಲ್ ತಗೊಂಡು ಹೋಗು," ಎಂದಳು ಹೆಲ್ವಿ.

"ಊರು ನಗುತ್ತೆ."

"ಹನ್ನೊಂದು ಸಲ ನಕ್ಕಿದೆ. ಇನ್ನೊಂದು ಸಲಕ್ಕೆ ಸತ್ತುಹೋಗ್ತೀಯಾ?"

ಇಂಥ ಬುದ್ಧಿಯ ಮಾತನ್ನು ಕೇಳುವವನಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ರೈನೊ ಬೇರೆ ಲೆಕ್ಕ ಹಾಕಿದ. ಬಿಲ್ಲಿನ ಬೇಟೆ ಮುಗಿಯುವುದು ನವೆಂಬರ್ ಹದಿನಾಲ್ಕಕ್ಕೆ. ಅಷ್ಟರೊಳಗೆ ಬಾಣದಿಂದ ಒಂದು ಗಂಡು ಜಿಂಕೆ ಹೊಡೆದುಬಿಟ್ಟರೆ ಮಾತು ಉಳಿಯಿತು. ಮರುದಿನ ಬೆಳಗ್ಗೆ, 'ಬಿಲ್ಲು ಆಯಿತು, ನಿಮ್ಮ ಜೊತೆಗಿರಲಿ ಅಂತ ರೈಫಲ್ ತಂದೆ' ಎಂದು ತಲೆಯೆತ್ತಿ ಕ್ಯಾಂಪಿಗೆ ಹೋಗಬಹುದು, ಕ್ಯಾಂಪೂ ಉಳಿಯಿತು. ಎರಡು ತಿಂಗಳು ಬಾಕಿಯಿತ್ತು. ಬೇಕಾದದ್ದು ಒಂದು ಜಿಂಕೆ, ಅದೂ ನಿಧಾನಸ್ಥ ಜಿಂಕೆ.

ಹಿತ್ತಲಿನ ಬಳ್ಳಿಯಲ್ಲಿದ್ದ ಒಂದು ಕುಂಬಳಕಾಯಿಯನ್ನು ಗುರಿ ಮಾಡಿಕೊಂಡು ಅಭ್ಯಾಸ ಶುರುವಾಯಿತು. ಮೂರನೆಯ ವಾರಕ್ಕೆ ದಾರ ಕಿವಿಯವರೆಗೆ ಬಂತು. ಕುಂಬಳಕಾಯಿಗೆ ಮಾತ್ರ ಏನೂ ಆಗಲಿಲ್ಲ. ದಿನೇ ದಿನೇ ಇನ್ನಷ್ಟು ಬಲಿಯಿತು. ಅಕ್ಟೋಬರಿನ ಒಂದು ಶನಿವಾರ ರೈನೊ ಉಸಿರು ಬಿಗಿಹಿಡಿದು ಬಿಟ್ಟ ಬಾಣ ಕುಂಬಳಕಾಯಿ, ಬೇಲಿ, ರಸ್ತೆ ಎಲ್ಲವನ್ನೂ ದಾಟಿ ಕಣ್ಮರೆಯಾಯಿತು.

ಅರ್ಧ ಗಂಟೆಗೆ ಅರಣ್ಯ ಇಲಾಖೆಯ ಡಾಂಬ್ರೋವ್ಸ್ಕಿ ಸಾಹೇಬರ ಜೀಪು ಬಂದು ನಿಂತಿತು. ಅವರು ಕೈಯಲ್ಲಿ ಪುಸ್ತಕ ಹಿಡಿದು, "ಬಾ, ತೋರಿಸ್ತೀನಿ," ಎಂದು ಕರೆದುಕೊಂಡು ಹೋದರು. ರಸ್ತೆಯಾಚೆ, 'ಜಿಂಕೆ ದಾಟುವ ಜಾಗ' ಎಂದು ಎಚ್ಚರಿಸುವ ಹಳದಿ ತಗಡಿನ ಫಲಕವಿತ್ತು. ಅದರ ಮೇಲೆ ಜಿಗಿಯುತ್ತಿರುವ ಕಪ್ಪು ಜಿಂಕೆಯ ಚಿತ್ರ. ಬಾಣ ಆ ಜಿಂಕೆಯ ಹೃದಯಕ್ಕೆ ನೆಟ್ಟಗೆ ನಾಟಿಕೊಂಡಿತ್ತು.

"ಎಂಬತ್ತು ಹೆಜ್ಜೆ," ಎಂದರು ಡಾಂಬ್ರೋವ್ಸ್ಕಿ, ಹೆಜ್ಜೆ ಹಾಕಿ ಅಳೆದು. "ಇಪ್ಪತ್ತೆಂಟು ವರ್ಷದ ನೌಕರೀಲಿ ನಾನು ಇಂಥದ್ದು ನೋಡಿಲ್ಲ. ಸರ್ಕಾರಿ ಆಸ್ತಿ ಹಾಳು ಮಾಡಿದ್ದಕ್ಕೆ ಬರ್ಕೋಬೇಕು. ಏನಂತ ಬರ್ಕೊಳ್ಲಿ?"

"ಸಾಹೇಬ್ರೆ, ನಾನು ಕುಂಬಳಕಾಯಿಗೆ..."

"ವಿನಯ ಬೇರೆ," ಎಂದು ತಮ್ಮಷ್ಟಕ್ಕೆ ತಾವೇ ತಲೆದೂಗಿ, 'ಈ ವರ್ಷ ಬಾಣಕ್ಕೆ ಬಿದ್ದ ಮೊದಲ ಜಿಂಕೆ' ಎಂದು ಬರೆದುಕೊಂಡು ಹೊರಟುಹೋದರು. ಫಲಕ ಬದಲಾಯಿಸುವ ಕೆಲಸ ರಸ್ತೆ ಇಲಾಖೆಯದು, ಎಂದರೆ ರೈನೊನದೇ. ಆದರೆ ಜನ ಬಿಡಲಿಲ್ಲ. ಪರ್ಲ್ ಸಂಘದವರನ್ನೆಲ್ಲ ಕರೆತಂದು ಫಲಕದ ಕೆಳಗೆ ನಿಲ್ಲಿಸಿ ಫೋಟೋ ತೆಗೆಸಿದಳು. ಪಕ್ಕದ ಊರಿನಿಂದ ಒಬ್ಬ ಅಜ್ಜ ಮೊಮ್ಮಕ್ಕಳನ್ನು ಕರೆತಂದು, "ಇಲ್ಲಿಂದ ಹೊಡೆದದ್ದು ನೋಡಿ," ಎಂದು ಇನ್ನೂ ನೂರು ಹೆಜ್ಜೆ ಹಿಂದಕ್ಕೆ ನಿಂತು ತೋರಿಸಿದ.

ಸುದ್ದಿ ಆರ್ವಿಡ್‌ಗೆ ಮುಟ್ಟಿದಾಗ, "ತಗಡು ಓಡಲ್ಲ," ಎಂದನಂತೆ.

ನಿಜವಾದ ಜಿಂಕೆಗಳು ಓಡುತ್ತಿದ್ದವು. ಅಕ್ಟೋಬರ್ ಪೂರ್ತಿ ರೈನೊ ಕೆಲಸ ಮುಗಿಸಿ ಮರದ ಮೇಲೆ ಕೂತ. ಒಂದೂ ಹತ್ತಿರ ಬರಲಿಲ್ಲ. "ನಿನ್ನ ವಾಸನೆ," ಎಂದಳು ಪರ್ಲ್. "ರೈಫಲಿನವನಿಗೆ ವಾಸನೆ ಇದ್ರೂ ನಡೆಯುತ್ತೆ, ದೂರದಿಂದ ಹೊಡೀತಾನೆ. ನಿನಗೆ ಜಿಂಕೆ ಇಪ್ಪತ್ತು ಹೆಜ್ಜೆಗೆ ಬರಬೇಕು." ಈರುಳ್ಳಿ ಬಿಡು ಎಂದಳು, ಸೋಪು ಬಿಡು ಎಂದಳು, ಕೊನೆಗೆ ಒಂದು ಪುಟ್ಟ ಸೀಸೆ ಕೊಟ್ಟಳು. ಅದರಲ್ಲಿದ್ದದ್ದು ಬೆದೆಗೆ ಬಂದ ಹೆಣ್ಣು ಜಿಂಕೆಯ ಮೂತ್ರ. "ಎರಡೇ ತೊಟ್ಟು ಬೂಟಿಗೆ ಹಾಕ್ಕೊ. ಗಂಡು ತಾನಾಗೇ ಬರುತ್ತೆ."

ಆ ಸೀಸೆಯನ್ನು ರೈನೊ ಕೋಟಿನ ಹಿಂದಿನ ಜೇಬಿನಲ್ಲಿ ಮರೆತ. ಅದೇ ಕೋಟಿನಲ್ಲಿ ಭಾನುವಾರ ಚರ್ಚಿಗೆ ಹೋದ. ಎಲ್ಲರೂ ಎದ್ದು ನಿಂತು ಹಾಡಿ, ಎಲ್ಲರೂ ಕೂತಾಗ, ಅವನೂ ಕೂತ. ಟಕ್ ಎಂದಿತು.

ಪಾದ್ರಿ ಹೈಕಿನೆನ್ ಪಾಪದ ಬಗ್ಗೆ ಮಾತಾಡುತ್ತಿದ್ದರು. ಮಧ್ಯದಲ್ಲಿ ನಿಲ್ಲಿಸಿ ಮೂಗು ಎತ್ತಿದರು. ಇನ್ನೆರಡು ವಾಕ್ಯ ಹೇಳಿದರು. ಕರವಸ್ತ್ರ ತೆಗೆದರು. ಇಬ್ಬರು ಹಿರಿಯರು ಮೆಲ್ಲಗೆ ಎದ್ದು ನೆಲಮಾಳಿಗೆಯ ಚರಂಡಿ ನೋಡಿಬರಲು ಹೋದರು. ಹಿಂದಿನ ಬೆಂಚಿನ ಮಿಸೆಸ್ ಪೆಸೋನೆನ್, "ಒಲೆಯ ಕೊಳವೇಲಿ ಏನೋ ಸತ್ತಿದೆ," ಎಂದರು. "ಸತ್ತಿಲ್ಲ, ಇನ್ನೂ ಬದುಕಿದೆ," ಎಂದಳು ಹೆಲ್ವಿ, ಗಂಡನಿಂದ ಎರಡು ಮಾರು ದೂರ ಸರಿಯುತ್ತ.

ಆ ದಿನದಿಂದ ರೈನೊನ ಹಾಸಿಗೆ ಗ್ಯಾರೇಜಿಗೆ ಹೋಯಿತು. ಊರು ಅದನ್ನೂ ತನಗೆ ಬೇಕಾದಂತೆ ಅರ್ಥ ಮಾಡಿಕೊಂಡಿತು: "ಪಾಪ, ಬಿಲ್ಲಿಗೋಸ್ಕರ ಸಂಸಾರವನ್ನೇ ಬಿಟ್ಟ."

ನವೆಂಬರ್ ಹದಿನಾಲ್ಕು. ಕೊನೆಯ ದಿನ. ಮೊಣಕಾಲುದ್ದ ಹಿಮ. ಇನ್ನು ಮರ್ಯಾದೆ ನೋಡುವ ಹೊತ್ತಲ್ಲ ಎಂದು ರೈನೊ ಮಧ್ಯಾಹ್ನವೇ ಲಾರಿ ತಿರುಗಿಸಿದ್ದು ಮಾವನ ಕ್ಯಾಂಪಿನ ಕಾಡಿಗೆ. ಜಿಂಕೆ ಖಂಡಿತ ಬರುವ ಒಂದೇ ಜಾಗ ಅವನಿಗೆ ಗೊತ್ತಿತ್ತು: ಸೌನಾದ ಹಿಂದಿನ ಹಳೆಯ ಸೇಬಿನ ಗಿಡ. ಎದುರಿನ ಮೇಪಲ್ ಮರ ಹತ್ತಿ ಕೂತ. ಸೌನಾದ ಹೊಗೆಗೂಡಿನಿಂದ ಹೊಗೆ ಬರುತ್ತಿತ್ತು. ನಾಳೆಗೆ ಸಿದ್ಧ ಮಾಡಲು ಆರ್ವಿಡ್ ಆಗಲೇ ಬಂದು, ಒಳಗೆ ಕೂತು ಬೆವರುತ್ತಿದ್ದಾನೆ ಎಂದಾಯಿತು. ಹೊರಗೆ ಸೌದೆಯ ಒಟ್ಟಿಲಿನ ಮೇಲೆ ಅವನ ಕೆಂಪು ಕಪ್ಪು ಚೌಕಳಿ ಅಂಗಿ ಗಾಳಿಗೆ ಹರವಿಕೊಂಡಿತ್ತು.

ನಾಲ್ಕು ಗಂಟೆಗೆ ಗಂಡು ಜಿಂಕೆ ಬಂತು. ಎಂಟು ಕವಲು. ಮೆಲ್ಲಗೆ, ಸ್ವಂತ ತೋಟಕ್ಕೆ ಬರುವ ಯಜಮಾನನಂತೆ ಬಂತು. ಇಪ್ಪತ್ತು ಹೆಜ್ಜೆಗೆ ನಿಂತು, ಹಿಮದಡಿಯ ಸೇಬು ಹೆಕ್ಕಿ ಅಗಿಯತೊಡಗಿತು.

ರೈನೊ ಎದ್ದು ನಿಂತ. ದಾರ ಎಳೆದ. ಕಿವಿಯವರೆಗೆ ಬಂತು. ಎರಡು ತಿಂಗಳ ಅವಮಾನ, ಗ್ಯಾರೇಜಿನ ಚಳಿ, ಗಾರ್ಡನ್ ಬರೆದ ಕಾರಿನ ಶೆಡ್ಡು, ಎಲ್ಲವೂ ಆ ದಾರದ ತುದಿಯಲ್ಲಿ ನಡುಗುತ್ತಿದ್ದವು. ಬಿಟ್ಟ.

ಜಿಂಕೆ ತಲೆಯೆತ್ತಿತು. ತನ್ನ ಬೆನ್ನ ಮೇಲೆ ಏನು ಹಾದುಹೋಯಿತೆಂದು ಒಂದು ಕ್ಷಣ ನೋಡಿತು. ಉಳಿದ ಸೇಬನ್ನು ನುಂಗಿ, ಅವಸರವಿಲ್ಲದೆ ನಡೆದುಹೋಯಿತು. ಬಾಣ ಸೌದೆಯ ಒಟ್ಟಿಲಿಗೆ ಹೊಕ್ಕಿತು, ದಾರಿಯಲ್ಲಿ ಅಂಗಿಯೊಂದಿತ್ತು.

ಸೌನಾದ ಬಾಗಿಲು ತೆರೆಯಿತು. ಸೊಂಟಕ್ಕೊಂದು ಟವೆಲು, ಮೈಯಿಂದ ಹಬೆ. ಆರ್ವಿಡ್ ಹೊರಗೆ ಬಂದ.

"ಯಾರಲ್ಲಿ?"

"ನಾನು ಮಾವ."

"ಎಲ್ಲಿ?"

"ಮರದ ಮೇಲೆ."

"ಜಿಂಕೆ?"

"ಹೋಯ್ತು."

"ಬಾಣ?"

ರೈನೊ ಬೆರಳು ತೋರಿಸಿದ. ಆರ್ವಿಡ್ ಹಿಮದಲ್ಲಿ ಬರಿಗಾಲಲ್ಲಿ ನಡೆದುಹೋಗಿ ನೋಡಿದ. ಬಾಣದ ಅಗಲ ಅಲಗು ಅಂಗಿಯ ಬಾಲವನ್ನು ದರ್ಜಿ ಕತ್ತರಿಸಿದಷ್ಟು ಒಪ್ಪವಾಗಿ ಕತ್ತರಿಸಿ ಮೊಳೆ ಹೊಡೆದಂತೆ ಸೌದೆಗೆ ನಾಟಿಸಿತ್ತು. ಅರವತ್ತು ವರ್ಷ ಒಂದು ನೂಲೂ ಕಳೆದುಕೊಳ್ಳದ ಸಲ್ಮೇಲಾ ಬಾಲ.

"ಇಳಿದು ಬಾ," ಎಂದ ಮುದುಕ. "ನಾನು ಆ ಒಟ್ಟಿಲ ಹತ್ರ ನಿಂತಿದ್ದಿದ್ರೆ ನಿನ್ನ ಹೆಂಡತಿ ಇವತ್ತು ಅಪ್ಪನ್ನೂ ಗಂಡನ್ನೂ ಒಟ್ಟಿಗೆ ಕಳ್ಕೋತಿದ್ಲು. ಕತ್ತೆ. ಬಟ್ಟೆ ಬಿಚ್ಚಿ ಒಳಗೆ ಬಾ. ನಾರ್ತಿದ್ದೀಯ."

ಸೌನಾದ ಒಳಗೆ ಸುಳ್ಳು ಹೇಳುವಂತಿಲ್ಲ. ಇದು ಆರ್ವಿಡ್‌ನ ಅಪ್ಪ ಫಿನ್ಲೆಂಡಿನಿಂದ ಹಡಗಿನಲ್ಲಿ ತಂದ ಕಾನೂನು. ಇಬ್ಬರೂ ಹಲಗೆಯ ಮೇಲೆ ಬತ್ತಲೆ ಕೂತರು. ಆರ್ವಿಡ್ ಕಾದ ಕಲ್ಲಿನ ಮೇಲೆ ನೀರು ಚೆಲ್ಲಿದ. ಚುಂಯ್ ಎಂದಿತು.

"ಈಗ ಹೇಳು. ರೈಫಲ್ ಯಾಕೆ ಬಿಟ್ಟೆ?"

"ಹನ್ನೆರಡನೇ ಬಾಲದ ಭಯಕ್ಕೆ, ಮಾವ."

"ಸಿದ್ಧಾಂತ?"

"ಯಾವ ಸಿದ್ಧಾಂತಾನೂ ಇಲ್ಲ."

"ಆ ತಗಡಿನ ಜಿಂಕೆ?"

"ಕುಂಬಳಕಾಯಿಗೆ ಹೊಡೆದದ್ದು."

ಆರ್ವಿಡ್ ಇನ್ನೊಂದು ಸಲ ನೀರು ಚೆಲ್ಲಿದ. ಹಬೆಯಲ್ಲಿ ಅವನ ಮುಖ ಕಾಣದಾಯಿತು. ಅದಕ್ಕೇ ಚೆಲ್ಲಿದ್ದು ಎಂದು ಕಾಣುತ್ತದೆ.

"ಆ ಹತ್ತು ಕವಲಿಂದು," ಎಂದಿತು ಹಬೆ. "ಅವತ್ತು ನಾನು ರೈಫಲಿನ ಕುದುರೆ ಎಳೆದೆ. ಅದು ಅಲ್ಲಾಡ್ಲಿಲ್ಲ. ಸೇಫ್ಟಿ ತಡೆ ತೆಗೆಯೋದೇ ಮರೆತಿದ್ದೆ. ಮನೆಗೆ ಬಂದು ನೋಡಿದ್ರೆ ಐದು ಗುಂಡೂ ಹಾಗೇ ಇದ್ವು."

"ಮತ್ತೆ ಜಿಂಕೆ?"

"ನೀನು ಹೊಡೆದದ್ದು, ಪೆದ್ದ."

ರೈನೊ ಮುಖದ ಬೆವರು ಒರೆಸಿಕೊಂಡ. "ನನ್ನ ಬಾಲ ಕತ್ತರಿಸಿದ್ರಲ್ಲ ಮಾವ."

"ಎಲ್ರೂ ಬಂದು ಕೈ ಕುಲುಕ್ತಿದ್ರು. ಕತ್ತರಿ ನನ್ನ ಕೈಲಿತ್ತು. ಏನು ಮಾಡ್ಲಿ? ಹೇಳೋಣ ಅಂತಿದ್ದೆ. ಐದು ವರ್ಷದಿಂದ ಅಂತಾನೇ ಇದ್ದೀನಿ."

ಮೊದಲು ನಕ್ಕವನು ರೈನೊ. ಆಮೇಲೆ ಹಬೆ ನಕ್ಕಿತು. ಹತ್ತಿರದಲ್ಲೇ ಎಲ್ಲೋ ನಿಂತಿದ್ದ ಎಂಟು ಕವಲಿನ ಜಿಂಕೆ ಆ ಸದ್ದಿಗೆ ಹೆದರಿ ಈಗ ನಿಜವಾಗಿಯೂ ಓಡಿತು.

"ಅಲ್ಲಯ್ಯ," ಎಂದ ಆರ್ವಿಡ್ ಕಣ್ಣೊರೆಸಿಕೊಂಡು, "ಬಿಲ್ಲಿಗೆ ಜಿಂಕೆ ಎಷ್ಟು ಹತ್ರ ಇರಬೇಕು?"

"ಇಪ್ಪತ್ತು ಹೆಜ್ಜೆ."

"ಅರವತ್ತು ಹೆಜ್ಜೆ ದಾಟಿದ್ರೆ ನನಗೆ ಈಗ ಜಿಂಕೇನೂ ಒಂದೇ, ಪೊದೇನೂ ಒಂದೇ. ಇಪ್ಪತ್ತು ಹೆಜ್ಜೆಗಾದ್ರೆ ರೆಪ್ಪೆ ಕೂದಲು ಕಾಣುತ್ತೆ."

ಮರುದಿನ ಬೆಳಕು ಹರಿಯುವ ಮುಂಚೆ ಗಾರ್ಡನ್ ಬಂದ. ಇಸ್ತ್ರಿ ಮಾಡಿದ ಕಿತ್ತಳೆ ಬಣ್ಣದ ಕೋಟು, ಚಂದ್ರನನ್ನು ನೋಡುವ ದುರ್ಬೀನು. ಒಳಗೆ ಬಂದವನು ಗೋಡೆ ನೋಡಿ ನಿಂತ. ರೈನೊನ ಒಂಬತ್ತನೆಯ ಬಾಲ ಇರಲಿಲ್ಲ. ಅದಿದ್ದ ಮೊಳೆಗೆ ಕೆಂಪು ಕಪ್ಪು ಚೌಕಳಿ ಬಾಲವೊಂದು ನೇತಾಡುತ್ತಿತ್ತು, ಆರ್ವಿಡ್ ಸಲ್ಮೇಲಾ ಎಂಬ ಹೆಸರಿನೊಂದಿಗೆ. ಹತ್ತು ಕವಲಿನ ತಲೆಯ ಕೆಳಗೆ ರೈನೊ ಕಂಗಾಸ್ ಎಂದು ಸೀಸದ ಕಡ್ಡಿಯಲ್ಲಿ ಬರೆದಿತ್ತು.

"ಮಾವ, ಬಿಲ್ಲಿನವನಿಗೆ ಇಲ್ಲೇನು ಕೆಲಸ?"

"ಬಿಲ್ಲಿನವನು ನಾನು," ಎಂದ ಆರ್ವಿಡ್. ಪರ್ಲ್‌ಳ ಬಿಲ್ಲು ಅವನ ತೊಡೆಯ ಮೇಲಿತ್ತು. "ಎಳೆಯೋಕಾಗಲ್ಲ. ಇವತ್ತು ಹಿಡ್ಕೊಂಡು ಕೂರೋದು ಅಭ್ಯಾಸ ಮಾಡ್ತೀನಿ. ರೈಫಲ್ ಅವನದು. ಕೈಯೂ ಅವನದು." ಬೀಗದ ಕೈ ಆಗಲೇ ರೈನೊನ ಕೊರಳಲ್ಲಿ ದಾರದಲ್ಲಿತ್ತು.

"ಹನ್ನೊಂದು ಸಲ ತಪ್ಪಿದವನಿಗೆ?"

"ಹತ್ತು. ತಪ್ಪಿದಾಗೆಲ್ಲ ತಪ್ಪಿದೆ ಅಂದ. ತಪ್ಪದೆ ಇದ್ದಾಗಲೂ ತಪ್ಪಿದೆ ಅಂದ. ನೀನು ನಾಲ್ಕು ವರ್ಷದಲ್ಲಿ ಒಂದು ಗುಂಡಾದ್ರೂ ಹಾರಿಸಿದ್ದೀಯಾ? ಹೋಗಿ ಕಾಫಿಗಿಡು."

ಲಾರಿಯ ಸೀಟಿನ ಹಿಂದೆ ಹೆಲ್ವಿ ನಿನ್ನೆ ಅವನು ಹೊರಡುವ ಮೊದಲೇ ಒಂದು ಚೀಲ ಇಟ್ಟಿದ್ದಳು. ಅದರಲ್ಲಿ ಮಾಂಸ ತುಂಬಿದ ಪಾಸ್ಟಿ ಕಡುಬು ನಾಲ್ಕು, ರೈಫಲಿನ ಗುಂಡು, ಒಂದು ಹೊಸ ಅಂಗಿ. ಪಕ್ಕದಲ್ಲಿ ಬಟ್ಟೆ ಸುತ್ತಿದ ರೈಫಲ್. ರೈನೊ ಅಂಗಿ ತೊಟ್ಟುಕೊಂಡು, ದಿಬ್ಬ ಹತ್ತಿ ಮಾವನ ಪಕ್ಕ ಕೂತ. ಏಳೂಕಾಲಿಗೆ ಜಿಂಕೆ ಬಂತು. ನಿನ್ನೆಯದೇ. ರೈನೊ ಗುರಿಯಿಟ್ಟು ಹೊಡೆದ. ಜಿಂಕೆ ಅವನನ್ನು ಗುರುತು ಹಿಡಿದಂತೆ ಒಮ್ಮೆ ನೋಡಿ, ಬಾಲ ಎತ್ತಿ ಹೋಯಿತು.

"ತಪ್ಪಿದೆ," ಎಂದ ರೈನೊ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಸಂತೋಷವಾಗಿ ಅವನು ಎಂದೂ ತಪ್ಪಿರಲಿಲ್ಲ.

ಗಾರ್ಡನ್ ಕಾಫಿ ಬಿಟ್ಟು ಓಡಿಬಂದ. ರೈನೊ ತಾನೇ ಕೋಟು ಎತ್ತಿ ತಿರುಗಿ ನಿಂತ. ಆರ್ವಿಡ್ ಕತ್ತರಿ ತೆಗೆದು ಬಗ್ಗಿದ, ಬಗ್ಗಿದವನು ಹಾಗೇ ನಿಂತ.

ಬಾಲವನ್ನು ಅಂಗಿಗೆ ಹೊಲಿದಿರಲಿಲ್ಲ. ಮೂರು ಗುಂಡಿ ಹಾಕಿ ಕೂಡಿಸಿತ್ತು. ಅದರ ಒಳಮೈಯಲ್ಲಿ ಕೆಂಪು ದಾರದ ಕಸೂತಿಯಲ್ಲಿ ಗಂಡನ ಹೆಸರು, ಈ ವರ್ಷದ ಇಸವಿ, ಎರಡನ್ನೂ ಹೆಲ್ವಿ ಮೊದಲೇ ಹಾಕಿ ಕಳಿಸಿದ್ದಳು.

ಆರ್ವಿಡ್ ಒಂದೊಂದಾಗಿ ಗುಂಡಿ ಬಿಚ್ಚಿದ. ಬಾಲವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಪಕ್ಕಕ್ಕಿಟ್ಟಿದ್ದ ಬಿಲ್ಲನ್ನೊಮ್ಮೆ, ಜಿಂಕೆ ಹೋದ ದಾರಿಯನ್ನೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ:

"ಮಗಳಿಗೆ ಹೇಳು. ನನಗೂ ಇಂಥವು ಒಂದು ಡಜನ್ ಇರ್ಲಿ."